ಅಯಾನುಗೋಳದಲ್ಲಿ ಬೆಳ್ಳಪ್ಪನ ಬೇಲಿ

ಬೇಲಿ ಮುಟ್ಟಬೇಡಿ ಎಂದು ಬೆಳ್ಳಪ್ಪ ಹೇಳುವಷ್ಟರಲ್ಲಿ ನಾನು ಮುಟ್ಟಿಯಾಗಿತ್ತು.

ಮೊಣಕೈವರೆಗೆ ಝುಮ್ಮೆಂದಿತು. ಕೈಚೀಲ ಕೆಳಗೆ ಬಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತು. ಸೋಲಾರ್ ಬೇಲಿಯ ಏಟಿಗೆ ಯಾರೂ ಸಾಯುವುದಿಲ್ಲ, ನಿಜ. ಆದರೆ ಐವತ್ತು ದಾಟಿದ ಹೆಂಗಸಿನ ಮರ್ಯಾದೆ ಹೋಗಲು ಅಷ್ಟು ಸಾಕು. ಬೆಳ್ಳಪ್ಪನ ಹೆಂಡತಿ ದುಗ್ಗಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿಕೊಂಡಳು. ನಗುತ್ತಿದ್ದಾಳೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಹಗಲೂ ಆನ್ ಇಟ್ಟಿರುತ್ತೀರಾ ಎಂದು ಕೇಳಿದೆ.

"ಹಗಲು ಮಂಗ, ದನ. ರಾತ್ರಿ ಹಂದಿ. ಆಫ್ ಮಾಡದು ಯಾವಾಗ ಹೇಳಿ ಮೇಡಮ್ಮೋರೆ," ಎಂದ ಬೆಳ್ಳಪ್ಪ.

ಅವನದು ಒಂದೂವರೆ ಎಕರೆ ಶುಂಠಿ. ಸುತ್ತ ನಾಲ್ಕು ಸಾಲು ತಂತಿ. ಕಂಬಕ್ಕೆ ಸಿಕ್ಕಿಸಿದ ಡಬ್ಬಿಯೊಂದು ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿತ್ತು. ಬೇಲಿಯಾಚೆ ಹುಲ್ಲಿನ ಗುಡ್ಡ, ಅದರ ನೆತ್ತಿಯ ಮೇಲೆ ಎತ್ತರದ ಕಬ್ಬಿಣದ ಕಂಬ, ಕಂಬದಿಂದ ನಾಲ್ಕು ಕಡೆಗೆ ಇಳಿಬಿಟ್ಟ ತಂತಿಗಳು. ಬೋರ್ಡಿನ ಮೇಲೆ 'ಅಯಾನುಗೋಳ ವೀಕ್ಷಣಾ ಕೇಂದ್ರ' ಎಂದು ಬರೆದಿದೆ. ಹೊಸನಗರದ ಈ ಸುತ್ತಿನವರಿಗೆ ಅದು ರೇಡಿಯೋ ಗುಡ್ಡ.

ಬುಧವಾರ ಮಧ್ಯಾಹ್ನದಿಂದ ತನುಜಾ ಕಾಣೆಯಾಗಿದ್ದಳು. ಇವತ್ತು ಶುಕ್ರವಾರ, ಹೊತ್ತು ಆಗಲೇ ಇಳಿಯುತ್ತಿತ್ತು.

ತನುಜಾ ತೀರ್ಥಹಳ್ಳಿಯ ಹುಡುಗಿ, ಈಗ ಸಾಗರದಲ್ಲಿ ಬಾಡಿಗೆ ಕೋಣೆ ಹಿಡಿದು ಸಂಶೋಧನೆ ಮಾಡುವವಳು. ಸೂರ್ಯನಲ್ಲಿ ಸ್ಫೋಟವಾದರೆ ಅದರ ಏಟು ಒಂದೆರಡು ದಿನ ಬಿಟ್ಟು ನಮ್ಮ ತಲೆಯ ಮೇಲೆ, ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಬೀಳುತ್ತದಂತೆ. ಅಲ್ಲಿ ಗಾಳಿ ಇಲ್ಲವೆನ್ನುವಷ್ಟು ತೆಳು, ಇರುವ ಕಣಗಳೂ ಬಿಸಿಲಿಗೆ ಒಡೆದು ಅಯಾನುಗಳಾಗಿರುತ್ತವೆ. ಸೌರ ಬಿರುಗಾಳಿ ಬಂದಾಗ ಆ ಅಯಾನುಗಳ ಪದರ ಏರುತ್ತದೆ, ಇಳಿಯುತ್ತದೆ, ಅಲ್ಲಲ್ಲಿ ಹರಿಯುತ್ತದೆ. ಕೆಳಗಿರುವ ನಮಗೆ ಏನೂ ಗೊತ್ತಾಗುವುದಿಲ್ಲ. ವಿಮಾನದವರಿಗೆ ಗೊತ್ತಾಗುತ್ತದೆ, ಜಿಪಿಎಸ್ ನಂಬಿಕೊಂಡವರಿಗೆ ಗೊತ್ತಾಗುತ್ತದೆ. ಅದನ್ನು ಅಳೆಯುವುದು ಅವಳ ಕೆಲಸ. ಬುಧವಾರ ಅಂಥದೊಂದು ಬಿರುಗಾಳಿ ಬಂದಿತ್ತು.

ಗುರುವಾರ ನಸುಕಿನಲ್ಲಿ ಅವಳ ಸ್ಕೂಟರ್ ಸಿಕ್ಕಿದ್ದು ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ, ಲಾಂಚ್ ನಿಲ್ಲುವ ಕಟ್ಟೆಯ ಮೇಲೆ. ಉಪಗ್ರಹದ ಸಂಕೇತ ಹಿಡಿಯುವ ಅವಳ ಪುಟ್ಟ ರಿಸೀವರ್ ಅಲ್ಲೇ ಕಂಬಿಗೆ ಸರಪಳಿ ಬಿಗಿದುಕೊಂಡು ನಿಂತಿತ್ತು. ಅವಳು ಮಾತ್ರ ಇರಲಿಲ್ಲ. ಸೇತುವೆ ಬಂದ ಮೇಲೆ ಆ ಕಟ್ಟೆಯ ಕಡೆ ಜನ ಸುಳಿಯುವುದು ಕಡಿಮೆ. ನೋಡಿದವರು ಯಾರೂ ಸಿಗಲಿಲ್ಲ.

ಇನ್‌ಸ್ಪೆಕ್ಟರ್ ಸುರೇಂದ್ರ ಮುಳುಗು ತಜ್ಞರನ್ನು ಇಳಿಸಿದ್ದ. ಇವತ್ತು ಕತ್ತಲಾದರೆ ಅವರೂ ಎದ್ದು ಹೋಗುತ್ತಾರೆ. ಆಮೇಲೆ ತನುಜಾ 'ಆಕಸ್ಮಿಕವಾಗಿ ನೀರಿಗೆ ಬಿದ್ದವಳು' ಆಗುತ್ತಾಳೆ, ಹುಡುಕಾಟ ಮುಗಿಯುತ್ತದೆ. ನೀರಿನಲ್ಲಿಲ್ಲದವಳನ್ನು ನೀರಿನಲ್ಲಿ ಹುಡುಕಿ ಕೈಬಿಟ್ಟರೆ, ಅವಳು ಎಲ್ಲಿದ್ದಾಳೋ ಅಲ್ಲಿ ಯಾರು ಹುಡುಕುತ್ತಾರೆ?

ನನ್ನ ಪರಿಚಯ ಇಷ್ಟೇ. ಹೆಸರು ಶ್ಯಾಮಲಾ. ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ಕಿವಿ ಸವೆಸಿ, ಸ್ವಯಂ ನಿವೃತ್ತಿ ತೆಗೆದುಕೊಂಡು, ಸಾಗರದಲ್ಲಿ ಖಾಸಗಿ ವಿಚಾರಣೆಯ ಆಫೀಸು ಇಟ್ಟವಳು. ನನ್ನಲ್ಲಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಮದುವೆ ಗಂಡಿನ ನಡತೆ ವಿಚಾರಿಸುವುದು. ತನುಜಾಳ ಅಕ್ಕ ಕವನಾ ಗುರುವಾರ ನನ್ನ ಬಾಗಿಲು ಬಡಿದಾಗ, ಇದೂ ಅಂಥದೇ ಏನೋ ಎಂದುಕೊಂಡಿದ್ದೆ. ಅವಳು ತೀರ್ಥಹಳ್ಳಿಯಲ್ಲಿ ಶಾಲೆಯ ಮೇಡಂ. ತಂಗಿಯ ಜೊತೆ ಭಾನುವಾರ ಫೋನಿನಲ್ಲಿ ಮಾತಾಡಿದ್ದೇ ಕೊನೆ, ಆಮೇಲೆ ಕಂಡಿಲ್ಲ, ಕೇಳಿಲ್ಲ ಎಂದು ಹೇಳಿ ನನ್ನ ಎರಡೂ ಕೈ ಹಿಡಿದುಕೊಂಡಳು.

ಈಗಲೂ ನನ್ನನ್ನು ಕಾರಿನಲ್ಲಿ ಕರೆತಂದವಳು ಅವಳೇ. ಆದರೆ ಗುಡ್ಡದ ಕೆಳಗಿನ ಗೇಟಿನಲ್ಲೇ ಉಳಿದಳು. ಮೇಲಿರುವ ಪೂರ್ಣೇಶನ ಮುಖ ನೋಡುವ ಧೈರ್ಯ ತನಗಿಲ್ಲ ಎಂದಳು.

ಪೂರ್ಣೇಶ ಗುಡ್ಡದ ಕೇಂದ್ರದ ಮುಖ್ಯಸ್ಥ, ತನುಜಾಳ ಸಂಶೋಧನೆಗೆ ಅಲ್ಲಿಯ ಅಳತೆಗಳನ್ನು ಕಳಿಸುತ್ತಿದ್ದವನು. ಮುಖ್ಯಸ್ಥನೂ ಅವನೇ, ಜವಾನನೂ ಅವನೇ, ಏಕೆಂದರೆ ಅಲ್ಲಿ ಇನ್ನೊಬ್ಬರಿಲ್ಲ. ಬುಧವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ ಕುರ್ಚಿ ಬಿಟ್ಟು ಏಳದೆ ಅಳತೆ ಮಾಡುತ್ತಿದ್ದೆ ಎಂದು ಪೊಲೀಸರಿಗೆ ಹೇಳಿದ್ದ. ಅದಕ್ಕೆ ಯಂತ್ರವೇ ಸಾಕ್ಷಿ. ಸುರೇಂದ್ರ ಒಪ್ಪಿಕೊಂಡಿದ್ದ. ನನ್ನ ಸ್ವಭಾವ ಸ್ವಲ್ಪ ಕೆಟ್ಟದ್ದು. ಎಲ್ಲರೂ ತಡಬಡಾಯಿಸುವ ಕೇಸಿನಲ್ಲಿ ಒಬ್ಬನ ಸಾಕ್ಷಿ ಮಾತ್ರ ಅಷ್ಟು ಚೆನ್ನಾಗಿದ್ದರೆ, ನನ್ನ ಅನುಮಾನ ಮೊದಲು ಅವನ ಮೇಲೇ ಹೋಗುತ್ತದೆ.

ಗುಡ್ಡಕ್ಕೆ ಇರುವುದು ಒಂದೇ ರಸ್ತೆ, ಅದು ಬೆಳ್ಳಪ್ಪನ ಶುಂಠಿಯ ಪಕ್ಕದಲ್ಲೇ ಹೋಗುತ್ತದೆ. ಬುಧವಾರ ಪೂರ್ಣೇಶನ ಬೈಕು ಕೆಳಗಿಳಿಯಿತೇ ಎಂದು ಕೇಳಲು ಬಂದಿದ್ದೆ. ಬೆಳ್ಳಪ್ಪ ತಲೆ ಅಲ್ಲಾಡಿಸಿದ. ಅವತ್ತು ಗಂಡ ಹೆಂಡತಿ ಇಬ್ಬರೂ ಹೊಲದ ಕೆಳಗಿನ ಮೂಲೆಯಲ್ಲಿ ಡಬ್ಬ ಬಡಿಯುತ್ತ ನಿಂತಿದ್ದರಂತೆ. ರಸ್ತೆಯಲ್ಲಿ ಲಾರಿ ಹೋಗಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ.

"ಬೇಲಿ ಆಫ್ ಇತ್ತಲ್ಲ, ಅದ್ಕೆ," ಎಂದ. "ತನುಜಮ್ಮ ಬೆಳಿಗ್ಗೇನೇ ಫೋನ್ ಮಾಡಿದ್ರು. ಸೂರ್ಯಂಗೆ ಏನೋ ಆಗಿದೆ ಬೆಳ್ಳಪ್ಪಣ್ಣ, ಕತ್ತಲಾಗೋ ತನಕ ಬೇಲಿ ಆಫ್ ಮಾಡಿ ಅಂದ್ರು. ಇದ್ರ ಟಕ್ ಟಕ್ ಮೇಲಿನ ಮಿಷನ್‌ಗೆ ತೊಂದ್ರೆ ಅಂತೆ."

ತನುಜಾ ಕೆಲಸಕ್ಕೆ ಸೇರಿದ ಮೇಲೆ, ಹೋದ ವರ್ಷದ ಕೊನೆಯಿಂದ ಇದು ರೂಢಿಯಾಗಿತ್ತು. ಸೂರ್ಯ ಕೆರಳಿದ ದಿನ ಅವಳ ಫೋನು ಬರುತ್ತದೆ, ಬೆಳ್ಳಪ್ಪ ಬೇಲಿ ನಿಲ್ಲಿಸಿ ಡಬ್ಬ ಹಿಡಿಯುತ್ತಾನೆ. ಪುರಸೊತ್ತಿದ್ದರೆ ಅವಳೇ ಮಾರನೇ ದಿನ ಬಂದು, ಇಡೀ ಮಧ್ಯಾಹ್ನ ಇವರ ಜೊತೆ ಮಂಗ ಓಡಿಸಿ ಋಣ ತೀರಿಸುತ್ತಿದ್ದಳು. ಆದರೂ ಈ ಸಲ ಬೆಳ್ಳಪ್ಪನಿಗೆ ಸಿಟ್ಟು ಬಂದಿತ್ತು. ಪಕ್ಕದ ಮನೆಯ ದನಗಳು ಬೇಲಿಯಲ್ಲಿ ಕರೆಂಟಿಲ್ಲ ಎಂದು ಅದು ಹೇಗೋ ತಿಳಿದುಕೊಂಡು ಒಳಗೆ ನುಗ್ಗಿದ್ದವು. ಮೇಲಿನ ಮೂಲೆಯ ಶುಂಠಿ ಏರಿಗಳು ಚಪ್ಪಟೆಯಾಗಿದ್ದವು. ನನ್ನನ್ನು ಎಳೆದುಕೊಂಡು ಹೋಗಿ ಗೊರಸಿನ ಗುರುತು ಒಂದೊಂದನ್ನೂ ತೋರಿಸಿದ. ಅಲ್ಲಿದ್ದ ಸಗಣಿಯನ್ನೂ ಬಿಡಲಿಲ್ಲ.

ದುಗ್ಗಮ್ಮ ನಗುವುದನ್ನು ನಿಲ್ಲಿಸಿ ಹತ್ತಿರ ಬಂದಿದ್ದಳು.

"ಆ ಹುಡ್ಗಿ ಸಿಗ್ತದಾ ಅಮ್ಮಾ?" ಎಂದು ಕೇಳಿದಳು.

ಕೈಚೀಲ ಎತ್ತಿಕೊಂಡು ಗುಡ್ಡ ಹತ್ತಿದೆ.

ಪೂರ್ಣೇಶ ನನ್ನನ್ನು ಬಾಗಿಲಲ್ಲೇ ಎದುರುಗೊಂಡ. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಎರಡು ದಿನದಿಂದ ನಿದ್ದೆಯಿಲ್ಲದ ಕಣ್ಣು. ಕೇಳುವ ಮೊದಲೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಬಗ್ಗಿಸುವಾಗ ಸ್ವಲ್ಪ ತಟ್ಟೆಗೆ ಚೆಲ್ಲಿತು.

ಪೊಲೀಸರು ಬಂದು ಹೋದ ಮೇಲೆ ಮತ್ತೆ ನಾನ್ಯಾಕೆ ಎಂದು ಅವನು ಕೇಳಲಿಲ್ಲ. ತನುಜಾ ಒಳ್ಳೆಯ ಹುಡುಗಿ, ಹೀಗಾಗಬಾರದಿತ್ತು ಎಂದ. 'ಇದ್ದಾಳೆ' ಎಂದು ಶುರು ಮಾಡಿ 'ಇದ್ದಳು' ಎಂದು ತಿದ್ದಿಕೊಂಡ. ನಾನು ಯಂತ್ರ ನೋಡಬೇಕೆಂದೆ. ನನ್ನದೂ ವೈರ್‌ಲೆಸ್‌ನಲ್ಲಿ ಸವೆದ ಜೀವ ಎಂದು ಹೇಳಿದೆ. ಅವನ ಮುಖ ಸ್ವಲ್ಪ ಸಡಿಲಾಯಿತು. ತನುಜಾಳನ್ನು ಬಿಟ್ಟರೆ, ತನ್ನ ವಿದ್ಯೆಯ ಗಂಧವಿರುವ ಇನ್ನೊಬ್ಬರು ಆ ಗುಡ್ಡ ಹತ್ತಿ ವರ್ಷವೇ ಆಗಿತ್ತೇನೋ.

ಒಳಗಿನ ಕೋಣೆಯಲ್ಲಿ ಕಪಾಟಿನಷ್ಟು ಎತ್ತರದ ಬೂದು ಪೆಟ್ಟಿಗೆ, ಅದರ ಪಕ್ಕ ಕಂಪ್ಯೂಟರ್. ಅವನು ಪ್ರೀತಿಯಿಂದಲೇ ವಿವರಿಸಿದ. ಯಂತ್ರ ನೇರವಾಗಿ ಮೇಲಕ್ಕೆ ರೇಡಿಯೋ ಅಲೆ ಬಿಡುತ್ತದೆ. ಮೊದಲು ಕಡಿಮೆ ಕಂಪನದ್ದು, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗುತ್ತದೆ. ಅಯಾನುಗಳ ಪದರ ಅದನ್ನು ವಾಪಸ್ ಕಳಿಸುತ್ತದೆ. ಒಂದು ಹಂತದಲ್ಲಿ ಅಲೆ ಪದರವನ್ನು ತೂರಿಕೊಂಡು ಆಚೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಎಲ್ಲಿ ತೂರಿತು ಎನ್ನುವುದರಿಂದ ಅಲ್ಲಿ ಅಯಾನುಗಳು ಎಷ್ಟು ದಟ್ಟವಾಗಿವೆ ಎಂದು ತಿಳಿಯುತ್ತದೆ. ಒಂದೊಂದು ಅಳತೆಗೆ ತೆರೆಯ ಮೇಲೆ ಒಂದೊಂದು ಚಿತ್ರ.

ಬೇರೆ ದಿನ ಯಂತ್ರ ತನ್ನಷ್ಟಕ್ಕೆ ತಾನೇ ಕಾಲು ಗಂಟೆಗೊಂದು ಚಿತ್ರ ತೆಗೆಯುತ್ತದೆ. ಬಿರುಗಾಳಿಯ ದಿನ ಅದು ಸಾಲದು, ಪದರ ಗಳಿಗೆಗೊಂದು ರೂಪ ತಾಳುತ್ತದೆ. ಆಗ ಮನುಷ್ಯ ಎದುರಿಗೆ ಕೂತು, ಕೈಯಿಂದಲೇ ಒತ್ತಿ ಒತ್ತಿ ತೆಗೆಯಬೇಕು.

"ಬುಧವಾರದ್ದು ತೋರಿಸ್ತೀನಿ," ಎಂದ.

ತೆರೆಯ ಮೇಲೆ ಚಿತ್ರಗಳು ಒಂದರ ಹಿಂದೊಂದು ಬಂದವು. ಮೂಲೆಯಲ್ಲಿ ಬುಧವಾರದ ತಾರೀಖು, ಗಂಟೆ, ನಿಮಿಷ. ಬಾಗಿದ ಗೆರೆಯೊಂದು ಮೆಲ್ಲಗೆ ಮೇಲೇರಿತು, ಇಬ್ಭಾಗವಾಯಿತು, ಚದುರಿ ಹೋಯಿತು, ಮತ್ತೆ ಕೂಡಿತು. ಇವೆಲ್ಲ ನಡೆದದ್ದು ಆಕಾಶ ತಿಳಿಯಾಗಿ ಕಾಣುತ್ತಿದ್ದ ಮಧ್ಯಾಹ್ನವೊಂದರಲ್ಲಿ ಎಂದರೆ ನಂಬುವುದು ಕಷ್ಟ. ಸಾಕ್ಷಿ ಎಂದರೆ ಸಾಕ್ಷಿಯೇ. ಇಷ್ಟು ಸಲ ಒತ್ತಿದವನು ಮಧ್ಯದಲ್ಲಿ ಎದ್ದು ಹೊಳೆಬಾಗಿಲಿಗೆ ಹೋಗಿ ಬರುವುದು ಸಾಧ್ಯವಿಲ್ಲ.

ನಾನು ಸೋತೆ ಎಂದೇ ಅಂದುಕೊಂಡೆ. ಕಿಟಕಿಯಾಚೆ ಬಿಸಿಲು ಹಳದಿಯಾಗುತ್ತಿತ್ತು. ಈ ಹೊತ್ತಿಗೆ ಹಿನ್ನೀರಿನಲ್ಲಿ ಕೊನೆಯ ಸುತ್ತು ನಡೆಯುತ್ತಿರಬೇಕು. ನನಗೆ ಹೆದರಿಕೆಯಾಯಿತು.

ಆಗ ಕಣ್ಣಿಗೆ ಬಿತ್ತು. ಬಾಗಿದ ಗೆರೆಯ ಹಿಂದೆ, ತೆರೆಯ ಮೇಲಿನಿಂದ ಕೆಳತನಕ, ಸಣ್ಣ ಸಣ್ಣ ನೇರ ಗೆರೆಗಳು. ಕಂಬಿ ಎಣಿಸಿಟ್ಟ ಹಾಗೆ ಒಂದರಿಂದ ಒಂದು ಸಮ ದೂರ. ಒಂದೇ ಚಿತ್ರದಲ್ಲಲ್ಲ, ಎಲ್ಲದರಲ್ಲೂ.

"ಇದೇನು ಪೂರ್ಣೇಶ್ ಅವ್ರೇ, ಈ ಉದ್ದ ಗೆರೆ?"

ಅವನು ತೆರೆಯ ಕಡೆ ಪೂರ್ತಿ ತಿರುಗಲೂ ಇಲ್ಲ.

"ಅದಾ? ಬೆಳ್ಳಪ್ಪನ ಬೇಲಿ. ಒಂದೊಂದು ಏಟಿಗೆ ಒಂದೊಂದು ಗೆರೆ. ಇಷ್ಟು ವರ್ಷ ನೋಡಿ ನೋಡಿ ನಮ್ಗೆ ಅದು ಕಾಣೋದೇ ಇಲ್ಲ ಮೇಡಂ."

ನಾನು ಚಹಾ ಕೆಳಗಿಟ್ಟೆ.

"ಬುಧವಾರ ಬೇಲಿ ಆಫ್ ಇತ್ತು," ಎಂದೆ.

ಅವನು ಒಂದು ಗುಟುಕು ಕುಡಿದ. ನುಂಗಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ವಾದ ಶುರುವಾಯಿತು. ಬೆಳ್ಳಪ್ಪ ಸುಳ್ಳು ಹೇಳಿರಬಹುದು ಎಂದ. ಸುಳ್ಳು ಬೆಳ್ಳಪ್ಪ ಹೇಳಿಯಾನು, ದನ ಹೇಳುವುದಿಲ್ಲ, ಹೋಗಿ ಶುಂಠಿ ಏರಿ ನೋಡಿ ಎಂದೆ. ಬೇರೆ ಯಾರದೋ ಬೇಲಿ ಇರಬಹುದು ಎಂದ. ಕಣ್ಣಿಗೆ ಕಾಣುವಷ್ಟು ದೂರ ಹುಲ್ಲು ಬಿಟ್ಟರೆ ಇನ್ನೇನೂ ಇಲ್ಲ, ಯಾರ ಬೇಲಿ ಎಂದು ತೋರಿಸಿ ಎಂದೆ. ಒಮ್ಮೊಮ್ಮೆ ಯಂತ್ರಕ್ಕೇ ಹೀಗೆ ಆಗುತ್ತದೆ ಎಂದ. ಆ ಮಾತು ಅವನ ಬಾಯಿಂದ ಪೂರ್ತಿ ಹೊರಬೀಳಲಿಲ್ಲ.

"ಸರಿ, ಈಗ ಬೇಲಿ ಆನ್ ಇದೆ," ಎಂದೆ. "ನನ್ನ ಕೈಗೇ ಹೊಡೆದಿದೆ. ನೀವು ಈಗೊಂದು ಚಿತ್ರ ತೆಗೀರಿ. ಗೆರೆ ಹೇಗೆ ಬರುತ್ತೆ, ನಾನೂ ನೋಡ್ತೀನಿ."

ಅವನು ಕುರ್ಚಿ ಎಳೆದು ಕೂತ. ಮೌಸ್ ಮೇಲೆ ಕೈಯಿಟ್ಟ. ಬೆರಳು ಎತ್ತಿದ.

"ಒತ್ತಿ," ಎಂದೆ.

ಬೆರಳು ಇಳಿಯಲಿಲ್ಲ. ಫ್ಯಾನ್ ತಿರುಗುತ್ತಿತ್ತು. ದೂರದಲ್ಲಿ ದುಗ್ಗಮ್ಮ ಮಂಗಗಳಿಗೆ ಬೈಯುತ್ತಿರುವುದು ಕೇಳಿಸುತ್ತಿತ್ತು. ಪೂರ್ಣೇಶ ಎದ್ದು ಬೂದು ಪೆಟ್ಟಿಗೆಯ ಬಾಗಿಲು ತೆರೆದ. ಸುಟ್ಟ ರಬ್ಬರಿನ ವಾಸನೆ ಬಂತು. ಒಳಗಿನ ಸರ್ಕ್ಯೂಟ್ ಹಲಗೆಗಳು ಕಪ್ಪಾಗಿ, ಒಂದು ಕಡೆ ಕರಗಿ ಜೋತುಬಿದ್ದಿದ್ದವು.

"ಮೇ ತಿಂಗಳ ಸಿಡಿಲು," ಎಂದ. "ಅವತ್ತಿಂದ ಇದು ಸತ್ತಿದೆ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅವನು ನಿಂತುಕೊಂಡೇ ಹೇಳಿದ. ಬೆಂಗಳೂರಿನ ಸಂಸ್ಥೆಯವರು ಈ ಕೇಂದ್ರವನ್ನು ಮುಚ್ಚಲು ನೆಪ ಹುಡುಕುತ್ತಿದ್ದರು. ಯಂತ್ರ ಸುಟ್ಟಿತೆಂದು ತಿಳಿಸಿದರೆ ರಿಪೇರಿಯ ಬದಲು ಬೀಗ ಬರುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಹದಿನೆಂಟು ವರ್ಷದ ಬದುಕು ಆ ಕಂಬದ ಬುಡದಲ್ಲೇ ಕಳೆದಿತ್ತು. ಹಾಗಾಗಿ ಹಳೆಯ ವರ್ಷಗಳ ಚಿತ್ರ ತೆಗೆದು, ತಾರೀಖು ಬದಲಿಸಿ ಕಳಿಸತೊಡಗಿದ. ಸೂರ್ಯ ಶಾಂತವಾಗಿರುವ ದಿನಗಳು ಒಂದರ ಹಾಗೆ ಇನ್ನೊಂದು ಇರುತ್ತವೆ, ಯಾರಿಗೂ ತಿಳಿಯಲಿಲ್ಲ. ಸಣ್ಣಪುಟ್ಟ ವ್ಯತ್ಯಾಸವನ್ನು ತನುಜಾ ಕೂಡ ತನ್ನ ರಿಸೀವರಿನ ದೋಷವೆಂದೇ ಭಾವಿಸಿದ್ದಳು.

ಬುಧವಾರದ ಬಿರುಗಾಳಿ ಮಾತ್ರ ಅವನ ಕೈ ಮೀರಿತು. ಅದು ಇಷ್ಟು ಜೋರಾಗಿ, ಇಷ್ಟು ಬೇಗ ಬಂದೀತೆಂದು ಅವನು ಎಣಿಸಿರಲಿಲ್ಲ. ಬೆಳಿಗ್ಗೆ ಹೊಳೆಬಾಗಿಲಿನಲ್ಲಿ ತನುಜಾಳ ರಿಸೀವರ್ ಅಯಾನುಗಳು ಉಕ್ಕೇರುತ್ತಿರುವುದನ್ನು ತೋರಿಸುತ್ತಿತ್ತು. ಅವಳು ಫೋನ್ ಆಫ್ ಮಾಡುವ ಮೊದಲು ಗುಡ್ಡದಿಂದ ಅವಳಿಗೆ ಹೋದದ್ದು ಯಾವುದೋ ತಣ್ಣನೆಯ ಬೆಳಗಿನ ಚಿತ್ರ. ಅವಳು ರಿಸೀವರನ್ನು ಅಲ್ಲೇ ಕಂಬಿಗೆ ಬಿಗಿದು, ಸ್ಕೂಟರ್ ಹತ್ತಿ, ಮಧ್ಯಾಹ್ನ ನೇರ ಗುಡ್ಡಕ್ಕೆ ಬಂದಳು. ಇದೇ ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದಳು.

"ಕಿರುಚಾಡಿದ್ಳಾ?"

"ಇಲ್ಲ ಮೇಡಂ. ಕಿರುಚಿದ್ರೆ ಪರ್ವಾಗಿರ್ಲಿಲ್ಲ. 'ಸರ್, ಆರು ತಿಂಗ್ಳ ನನ್ನ ಕೆಲ್ಸ ಎಲ್ಲ ಸುಳ್ಳಾಯ್ತಲ್ಲ' ಅಂದ್ಳು. ಅಷ್ಟೇ."

ಅವಳು ಹೋದ ಮೇಲೆ ಅವನು ತುಂಬ ಹೊತ್ತು ಕೂತಲ್ಲೇ ಕೂತಿದ್ದ. ಆಮೇಲೆ ಬೈಕ್ ತೆಗೆದುಕೊಂಡು ಹೊಳೆಬಾಗಿಲಿಗೆ ಹೋದ. ಅವಳು ರಿಸೀವರ್ ಬಿಟ್ಟು ಎಲ್ಲಿಗೂ ಹೋಗುವವಳಲ್ಲ, ಅಲ್ಲೇ ಸಿಗುತ್ತಾಳೆ, ಕೈಮುಗಿದು ಕೇಳಿಕೊಳ್ಳೋಣ ಎಂದು. ಹೊತ್ತು ಮುಳುಗುವವರೆಗೂ ಕಾದ. ತನುಜಾ ಬರಲಿಲ್ಲ. ರಾತ್ರಿ ಗುಡ್ಡಕ್ಕೆ ಮರಳಿ, ಅವಳು ಈ ಕೆಲಸಕ್ಕೆ ಸೇರುವ ಮೊದಲು ಬಂದಿದ್ದ ಒಂದು ಬಿರುಗಾಳಿಯ ಚಿತ್ರಗಳನ್ನು ಹುಡುಕಿ ಬುಧವಾರದ ತಾರೀಖು ಹಾಕಿದ. ಆಗಿನ್ನೂ ಬೇಲಿ ನಿಲ್ಲಿಸುವ ರೂಢಿ ಇರಲಿಲ್ಲ. ಬೆಳ್ಳಪ್ಪನ ಬೇಲಿ ಅದರಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು, ಪೂರ್ಣೇಶನ ಕಣ್ಣಿಗೆ ಅದು ಕಾಣಲಿಲ್ಲ.

ಎಲ್ಲ ಸರಿ, ಆದರೆ ಒಂದು ಮಾತು ನನ್ನಲ್ಲಿ ಚುಚ್ಚಿಕೊಂಡಿತ್ತು.

"ಅವಳ ಸ್ಕೂಟರ್ ಅಲ್ಲೇ ಇತ್ತಲ್ಲ? ಅದನ್ನ ನೋಡಿಯೂ ವಾಪಸ್ ಬಂದ್ರಾ?"

"ಸ್ಕೂಟರ್ ಇರ್ಲಿಲ್ಲ ಮೇಡಂ."

ಮರುದಿನ ಪೊಲೀಸರು ಸ್ಕೂಟರ್ ಅಲ್ಲೇ ಸಿಕ್ಕಿತು ಎಂದಾಗ ಅವನಿಗೆ ಗಾಬರಿಯಾಯಿತಂತೆ. ಅಲ್ಲಿ ಸ್ಕೂಟರ್ ಇರಲಿಲ್ಲ ಎಂದು ಹೇಳಬೇಕಾದರೆ ತಾನು ಅಲ್ಲಿಗೆ ಹೋಗಿದ್ದೆ ಎಂದೂ ಹೇಳಬೇಕು. ಬಾಯಿ ಮುಚ್ಚಿಕೊಂಡ. ಒಂದು ಹುಡುಗಿಯ ಜೀವದ ಪ್ರಶ್ನೆ ಇರುವಾಗ ತನ್ನ ಕುರ್ಚಿಯ ಚಿಂತೆ ಮಾಡಿದ ಮನುಷ್ಯನನ್ನು ನೋಡಿ ನನಗೆ ಮೈ ಉರಿಯಿತು. ಅದನ್ನು ಮುಖದ ಮೇಲೇ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ನಿಮ್ಮ ಮಾತು ನಾನು ಯಾಕೆ ನಂಬಬೇಕು ಎಂದು ಕೇಳಿದೆ. ಅವನು ಜೇಬಿನಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ತನುಜಾಳ ರಿಸೀವರಿನ ಪುಟ್ಟ ತೆರೆ, ಅದರ ಮೇಲೆ ಕಡಿದಾಗಿ ಏರಿದ ಗೆರೆ. ಬುಧವಾರದ ಬಿರುಗಾಳಿಯ ನಿಜವಾದ ಅಳತೆ. ತೆಗೆದದ್ದು ಅದೇ ಸಂಜೆ ಐದೂವರೆಗೆ.

"ಇಂಥ ಹೊತ್ತಲ್ಲಿ ಫೋಟೋ ಯಾಕೆ ತೆಗೆದ್ರಿ?"

"ನಿಜವಾದ ಅಳತೆ ನೋಡಿ ಆರು ತಿಂಗ್ಳಾಗಿತ್ತು," ಎಂದ. ಕಣ್ಣು ಒರೆಸಿಕೊಂಡ.

ಫೋಟೋವನ್ನು ಹಿಗ್ಗಿಸಿ ನೋಡಿದೆ. ರಿಸೀವರಿನ ಹಿಂದೆ ಇಡೀ ಕಟ್ಟೆ ಕಾಣುತ್ತಿತ್ತು. ಕಂಬಿ, ಇಳಿಜಾರು, ಸಂಜೆಯ ನೀರು. ಸ್ಕೂಟರ್ ಇರಲಿಲ್ಲ.

ಹಾಗಾದರೆ ತನುಜಾ ಗುಡ್ಡದಿಂದ ಇಳಿದ ಮೇಲೆ ಹೊಳೆಬಾಗಿಲಿಗೆ ವಾಪಸ್ ಹೋಗಲೇ ಇಲ್ಲ. ಕತ್ತಲಾದ ಮೇಲೆ ಬೇರೆ ಯಾರೋ ಸ್ಕೂಟರ್ ತಂದು, ಮುಳುಗಿದಳು ಎಂದು ಜನ ನಂಬುವ ಹಾಗೆ ನೀರಿನ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಎರಡು ದಿನ ನಾವೆಲ್ಲ ಅದನ್ನು ನಂಬಿ ನೀರಿಗೆ ಕೈ ಹಾಕಿ ಕೂತಿದ್ದೆವು.

ಇನ್ನೊಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು. ಯಂತ್ರ ಸುಟ್ಟ ಸಂಗತಿ ಇನ್ಯಾರಿಗೆ ಗೊತ್ತು ಎಂದು ಕೇಳಿದೆ. ತನಗೊಬ್ಬನಿಗೇ, ಬುಧವಾರ ಮಧ್ಯಾಹ್ನದ ಮೇಲೆ ತನುಜಾಳಿಗೆ, ಮೂರನೆಯವರಿಗಿಲ್ಲ ಎಂದು ಆಣೆ ಮಾಡಿದ. ಅವಳು ಫೋನಿನಲ್ಲಿ ಯಾರಿಗಾದರೂ ಹೇಳಿರುವುದೂ ಸಾಧ್ಯವಿರಲಿಲ್ಲ. ಅಳತೆಯ ದಿನ ಫೋನ್ ಆಫ್ ಮಾಡಿಡುವುದು ಅವಳ ಪದ್ಧತಿ. ಅವಳ ಫೋನು ಆ ಬೆಳಿಗ್ಗೆ ಆಫ್ ಆದದ್ದು ಮತ್ತೆ ಆನ್ ಆಗಿಲ್ಲವೆಂದು ಪೊಲೀಸರು ಆಗಲೇ ಪತ್ತೆ ಮಾಡಿದ್ದರು.

ನಾನು ಹೊರಗೆ ಬಂದು ಸುರೇಂದ್ರನಿಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗುಡ್ಡದ ಸಾಕ್ಷಿ ಸುಳ್ಳು, ಫೋಟೋ ನಿಜ, ಸ್ಕೂಟರ್ ಅಲ್ಲಿಗೆ ಬಂದದ್ದು ಕತ್ತಲಾದ ಮೇಲೆ.

"ನಿಮ್ಮ ಜನಾನ ಮೇಲೆ ಕರೀರಿ ಸರ್," ಎಂದೆ. "ತನುಜಾ ನೀರಲ್ಲಿಲ್ಲ."

ಸುರೇಂದ್ರ ಫೋನ್ ಕಿವಿಯಲ್ಲಿರುವಾಗಲೇ ದೋಣಿಯವರನ್ನು ಕೂಗಿದ. ಹುಡುಗಿ ಇಲ್ಲಿಲ್ಲವಂತೆ, ದಡಕ್ಕೆ ಬನ್ನಿ ಎಂದು ಗಟ್ಟಿಯಾಗಿ ಹೇಳಿದ್ದು, ದಡದಲ್ಲಿ ನೆರೆದವರ ಗುಜುಗುಜು, ಎಲ್ಲ ನನಗೆ ಕೇಳಿಸಿತು. ಪೂರ್ಣೇಶನನ್ನು ಕರೆದೊಯ್ಯಲು ಹೊಸನಗರದಿಂದ ಜೀಪು ಕಳಿಸುತ್ತೇನೆ ಎಂದ. ಒಳ್ಳೆ ಕೆಲಸ ಮಾಡಿದಿರಿ ಎಂದೂ ಸೇರಿಸಿದ. ಸುರೇಂದ್ರನ ಬಾಯಿಂದ ಅಂಥ ಮಾತು ಬರುವುದು ಅಪರೂಪ.

ಹೆಮ್ಮೆ ಪಟ್ಟೆ. ಸುಳ್ಳು ಯಾಕೆ ಹೇಳಲಿ. ಗುಡ್ಡ ಇಳಿಯುವಾಗ ಮಂಡಿ ನೋವು ಕೂಡ ನೆನಪಾಗಲಿಲ್ಲ.

ಕವನಾ ಗೇಟಿನ ಹತ್ತಿರ ಕಾರಿಗೆ ಒರಗಿ ನಿಂತಿದ್ದಳು. ನಾನು ಬರುವುದನ್ನು ಕಂಡು ನಾಲ್ಕು ಹೆಜ್ಜೆ ಮುಂದೆ ಬಂದಳು.

"ಮಿಷನ್ ಸುಟ್ಟಿದ್ದು ಒಪ್ಕೊಂಡ್ರಾ ಪೂರ್ಣೇಶಣ್ಣ?"

"ಒಪ್ಕೊಂಡ್ರು," ಎಂದೆ.

ಕಾರಿನ ಬಾಗಿಲು ತೆಗೆದು ಚೀಲ ಸೀಟಿನ ಮೇಲಿಟ್ಟೆ. ಕೂರಲು ಬಗ್ಗಿದವಳು ಹಾಗೇ ನಿಂತೆ.

ಗುಡ್ಡದ ಮೇಲಿನ ಮಾತು ಈ ಗೇಟಿಗೆ ಕೇಳಿಸುವ ಹಾಗಿರಲಿಲ್ಲ. ಯಂತ್ರದ ಸುದ್ದಿ ನನಗೇ ಗೊತ್ತಾದದ್ದು ಈಗ. ತನುಜಾಳಿಗೆ ಗೊತ್ತಾದದ್ದು ಬುಧವಾರ ಮಧ್ಯಾಹ್ನ. ಭಾನುವಾರದ ಮೇಲೆ ತಂಗಿಯ ಜೊತೆ ಮಾತೇ ಆಡಿಲ್ಲ ಎಂದವಳು ಇವಳು.

"ಕವನಾ, ಮಿಷನ್ ಸುಟ್ಟಿದ್ದು ನಿಮ್ಗೆ ಯಾರು ಹೇಳಿದ್ರು?"

ಅವಳು ಉತ್ತರ ಹುಡುಕಿದಳು. ಮಕ್ಕಳಿಗೆ ಪಾಠ ಹೇಳುವ ಹೆಣ್ಣು, ಸುಳ್ಳು ಅವಳಿಗೆ ಸಲೀಸಾಗಿ ಬರುತ್ತಿರಲಿಲ್ಲ.

"ಅವ್ಳೇ," ಎಂದಳು ಕೊನೆಗೆ. "ಬುಧವಾರ ಸಂಜೆ."

"ಬದುಕಿದಾಳಾ?"

ತಲೆ ಆಡಿಸಿದಳು, ಹೌದೆಂದು.

ನಾನು ಕಾರಿನ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡೆ. ಇವಳ ಕೆನ್ನೆಗೆ ಒಂದು ಬಾರಿಸಬೇಕೆನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಸಿಟ್ಟು ಆಮೇಲೆ ಮಾಡಿದರಾಯಿತು ಎಂದುಕೊಂಡು, ಅವಳಿಗೂ ಸಮಾಧಾನವಾಗಲೆಂದು, ಈಗ ತಾನೇ ಇನ್‌ಸ್ಪೆಕ್ಟರಿಗೆ ತಿಳಿಸಿದ್ದೇನೆ, ನೀರಿನಲ್ಲಿ ಹುಡುಕುವುದು ನಿಂತಿದೆ ಎಂದೆ.

ಅವಳ ಮುಖದ ಬಣ್ಣ ಇಳಿದು ಹೋಯಿತು. ನನ್ನ ತೋಳು ಹಿಡಿದುಕೊಂಡಳು.

"ಅಲ್ಲಿ ಎಲ್ರಿಗೂ ಗೊತ್ತಾಯ್ತಾ ಶ್ಯಾಮಲಕ್ಕ? ದಡದಲ್ಲಿದ್ದೋರಿಗೆಲ್ಲ?"

"ಗೊತ್ತಾಗಿರುತ್ತೆ. ಸುರೇಂದ್ರ ಕೂಗಿ ಹೇಳಿದ್ನಲ್ಲ. ಯಾಕೆ?"

"ಸ್ಕೂಟರ್ ಅಲ್ಲಿ ನಿಲ್ಸಿದ್ದು ನಾನು," ಎಂದಳು ಕವನಾ. "ಹುಡುಕ್ತಿದೀನಿ ಅಂತ ತೋರ್ಸೋಕೇ ನಿಮ್ಮ ಹತ್ರ ಬಂದಿದ್ದು. ಅವ್ಳು ಸತ್ಲು ಅಂತ ಊರೆಲ್ಲ ನಂಬಬೇಕಾಗಿರ್ಲಿಲ್ಲ ಅಕ್ಕ. ಅವ್ಳು ಯಾರಿಗೆ ಹೆದ್ರಿ ಅಡಗಿದಾಳೋ ಆ ಒಬ್ರು ನಂಬಿದ್ರೆ ಸಾಕಾಗಿತ್ತು. ಅವ್ರು ಎರಡು ದಿನದಿಂದ ಅದೇ ದಡದಲ್ಲಿ ನಿಂತಿದಾರೆ."